ಎರಡು ಪೆಟ್ಟಿಗೆ, ನಡುವೆ ಒಂದು ಮೊಳ

ನಾನು ತಮಟೆ ಬಡಿದರೆ ಕುಣಿಗಲ್ಲಿನ ಫಾರಮ್ಮಿನಲ್ಲಿ ಕುದುರೆಗಳು ಹಗ್ಗ ಹರಿದುಕೊಳ್ಳುತ್ತಿದ್ದವು. ಗುಬ್ಬಿ ಸಂತೆಯಲ್ಲಿ ಕೊಬ್ಬರಿ ತೂಗುವವನ ತಕ್ಕಡಿ ತಾನಾಗಿ ಅಲ್ಲಾಡುತ್ತಿತ್ತು. ನಂಬದಿದ್ದರೆ ಬಿಡಿ. ಎರೆಪಾಳ್ಯದ ನರಸಯ್ಯ ಅಂದರೆ ಸುತ್ತ ಎಪ್ಪತ್ತು ಹಳ್ಳಿಗೆ ಗೊತ್ತು. ಎಪ್ಪತ್ತಲ್ಲ, ಏಳು ಅಂತಾಳೆ ನನ್ನ ಹೆಂಡತಿ ಹನುಮಕ್ಕ. ಅವಳಿಗೆ ಮೊದಲಿಂದಲೂ ಎಲ್ಲವನ್ನೂ ಇದ್ದಷ್ಟೇ ಹೇಳುವ ರೋಗ.

ಸಾರುವುದು ನಮ್ಮ ವಂಶದ ಚಾಕರಿ. ಕಂದಾಯ ಕಟ್ಟಿ, ಕೆರೆ ಏರಿಗೆ ಮಣ್ಣು ಹಾಕಲು ಬನ್ನಿ, ಇಂಥವರ ಎಮ್ಮೆ ಕಳೆದಿದೆ. ಪಟೇಲ ವೆಂಕಟರಂಗಯ್ಯ ಹೇಳಿದ್ದನ್ನು ನಾನು ಬೀದಿ ಬೀದಿಗೆ ಹೇಳಬೇಕು. ಅವನು ಹತ್ತು ಮಾತು ಹೇಳಿದರೆ ನಾನು ನೂರು ಮಾಡುತ್ತಿದ್ದೆ. ಕಳೆದದ್ದು ಬಡಕಲು ಎಮ್ಮೆ, ನನ್ನ ಬಾಯಲ್ಲಿ ಅದು ಅಂಬಾರಿ ಹೊರುವ ಆನೆ. ಊರವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸಾರಿ ಬಂದು ಪಟೇಲನ ಜಗಲಿಯಿಂದ ಹತ್ತು ಮಾರು ದೂರ ನಿಂತು ಟವಲ್ಲು ಹಿಡಿದರೆ ಮೇಲಿನಿಂದ ಒಂದು ಮುದ್ದೆ ಬೀಳುತ್ತಿತ್ತು. ಬಿದ್ದದ್ದನ್ನು ಹಿಡಿಯುವುದರಲ್ಲೂ ನನ್ನಂಥವನಿಲ್ಲ. ಒಂದು ಮುದ್ದೆಯನ್ನೂ ನೆಲಕ್ಕೆ ಬಿಟ್ಟವನಲ್ಲ.

ಊರ ಹೊರಗೆ ನಮ್ಮ ಹೊಲಗೇರಿ. ಇಪ್ಪತ್ತೆರಡು ಗುಡಿಸಲು. ನೀರಿಲ್ಲ. ಊರ ಬಾವಿಯನ್ನು ನಾವು ಮುಟ್ಟುವ ಹಾಗಿಲ್ಲ. ಎರಡು ಮೈಲಿ ದೂರದ ಕೆರೆಯಂಗಳದಲ್ಲಿ ಗುಂಡಿ ತೋಡಿ, ಚಿಪ್ಪಿನಲ್ಲಿ ಬಳಿದು ಬಳಿದು ಹೆಂಗಸರು ಮಡಕೆ ತುಂಬಬೇಕು. ಬೇಸಿಗೆಯಲ್ಲಿ ಅದೂ ಬತ್ತುತ್ತದೆ. ಆಗ ಊರ ಬಾವಿಯ ಹತ್ತಿರ ಮಡಕೆ ನೆಲಕ್ಕಿಟ್ಟು ದೂರ ಕೂರಬೇಕು. ಯಾರಾದರೂ ಪುಣ್ಯಾತ್ಮರು ಎತ್ತರದಿಂದ ಸುರಿಯುತ್ತಾರೆ. ಅರ್ಧ ಮಡಕೆಗೆ, ಅರ್ಧ ಮಣ್ಣಿಗೆ. ಹನುಮಕ್ಕ ಹೀಗೆ ಕೂತು ಕೂತು ಅವಳ ಮೊಣಕಾಲ ಚರ್ಮ ಎಮ್ಮೆಯ ಚರ್ಮದ ಹಾಗೆ ದಪ್ಪವಾಗಿತ್ತು. ಇದನ್ನು ನಾನು ಹಿಗ್ಗಿಸಿ ಹೇಳಿದ್ದಲ್ಲ.

ಐವತ್ತೆರಡರಲ್ಲಿ ಮೊದಲನೇ ಎಲೆಕ್ಷನ್ ಬಂತು. ಆಗ ಮುದ್ರೆ ಒತ್ತುವುದಿರಲಿಲ್ಲ. ನಿಂತವರಿಗೆಲ್ಲ ಒಂದೊಂದು ತಗಡಿನ ಪೆಟ್ಟಿಗೆ, ಮೇಲೆ ಅವರವರ ಗುರುತಿನ ಚಿತ್ರ. ಕೈಗೊಂದು ಚೀಟಿ ಕೊಡುತ್ತಾರೆ. ತಡಿಕೆಯ ಮರೆಗೆ ಹೋಗಿ, ಬೇಕಾದ ಪೆಟ್ಟಿಗೆಗೆ ಹಾಕಿ ಬರುವುದು.

ನಮ್ಮ ಕಡೆ ನಿಂತವರು ಇಬ್ಬರು. ಕೊಡೆ ಗುರುತು ಪಟೇಲನ ಪಾರ್ಟಿಯದು. ನಮ್ಮವರು ಪಟೇಲನ ಬೀದಿಯಲ್ಲಿ ಕೊಡೆ ಬಿಚ್ಚುವ ಹಾಗಿರಲಿಲ್ಲ. ಬಿಚ್ಚೋಣ ಅಂದರೆ ಇಡೀ ಗೇರಿಯಲ್ಲಿ ಒಂದು ಕೊಡೆಯೂ ಇರಲಿಲ್ಲ, ಆ ಮಾತು ಬೇರೆ. ಏಣಿ ಗುರುತು ಅಂಜಿನಪ್ಪಂದು. ಅವನು ಕುಣಿಗಲ್ ಕಡೆಯವನು, ನಮ್ಮ ಜಾತಿಯವನು, ಮೇಷ್ಟ್ರ ಕೆಲಸ ಬಿಟ್ಟು ನಿಂತವನು. ಹರಿದ ಅಂಗಿ ಹಾಕಿಕೊಂಡು ಗೇರಿಗೆ ಬಂದ. ಭಾಷಣ ಇಲ್ಲ, ಗೀಷಣ ಇಲ್ಲ. "ನರಸಣ್ಣ, ಗೇರಿಗೊಂದು ಬಾವಿ ಕೇಳ್ತೀನಿ. ಅದೊಂದೇ ನಾನು ಹೇಳೋದು" ಅಂದ.

ಓಟಿನ ದಿನ ಬೆಳಗ್ಗೆ ನಾನೂ ಹನುಮಕ್ಕನೂ ಒಂದೇ ತಣಿಗೆಯಲ್ಲಿ ತಂಗಳು ಉಂಡೆವು.

"ಏಣಿಗೆ ತಾನೇ?" ಅಂದಳು.

"ಇನ್ನೇನೇ ಮತ್ತೆ! ನನ್ನೊಬ್ಬನ ಓಟಿಗೇ ಅಂಜಿನಪ್ಪ ಮಂತ್ರಿ ಆಯ್ತಾನೆ ನೋಡ್ತಿರು" ಅಂದೆ.

ಒಂದೇ ಹೊಟ್ಟೆ, ಒಂದೇ ಮನಸ್ಸು. ಬಾವಿ ಬೇಕು. ಅಷ್ಟೇ.

ಸ್ಕೂಲಿನ ಮುಂದೆ ಸಾಲು. ಪಟೇಲ ಹುಣಸೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಎಲೆ ಅಡಿಕೆ ಜಗಿಯುತ್ತಿದ್ದ. ನನ್ನನ್ನು ನೋಡಿ, "ಏನ್ಲಾ ನರಸ, ಯೋಚ್ನೆ ಮಾಡಿ ಹಾಕು" ಅಂದ.

ಒಳಗೆ ಹೋದೆ. ತಡಿಕೆಯ ಮರೆಯಲ್ಲಿ ನಾನೊಬ್ಬನೇ. ಬೆಂಚಿನ ಮೇಲೆ ಎರಡು ಪೆಟ್ಟಿಗೆ. ಎಡಕ್ಕೆ ಏಣಿ, ಬಲಕ್ಕೆ ಕೊಡೆ. ನಡುವೆ ಒಂದು ಮೊಳ. ನೋಡುವವರಿಲ್ಲ. ನನ್ನ ಕೈ ಎಡಕ್ಕೆ ಹೋಯಿತು. ಆಗ ಹೊರಗೆ ಯಾರೋ ಕೆಮ್ಮಿದರು.

ಚೀಟಿ ಕೊಡೆಯ ಪೆಟ್ಟಿಗೆಯೊಳಗೆ ಬಿತ್ತು.

ಇದನ್ನು ಆಮೇಲೆ ನಾನು ನೂರು ಥರ ಹೇಳಿದ್ದೇನೆ. ಆರು ಜನ ದೊಣ್ಣೆ ಹಿಡಿದು ನಿಂತಿದ್ದರು ಅಂದಿದ್ದೇನೆ. ಕುತ್ತಿಗೆಯ ಮೇಲೆ ಮಚ್ಚಿತ್ತು ಅಂದಿದ್ದೇನೆ. ಸುಳ್ಳು. ಯಾರೂ ಇರಲಿಲ್ಲ. ಒಂದು ಕೆಮ್ಮು. ಯಾರು ಕೆಮ್ಮಿದರೋ ಇವತ್ತಿಗೂ ಗೊತ್ತಿಲ್ಲ.

ಹೊರಗೆ ಬಂದೆ. ದೂರದಲ್ಲಿ ಅಂಜಿನಪ್ಪ ನಿಂತಿದ್ದ. ಕೈ ಮುಗಿದ. "ಬಂದ್ಯಾ ನರಸಣ್ಣ" ಅಂತ ನಕ್ಕ. ಆ ನಗು ನೋಡಿ ನನಗೆ ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ಸಿಟ್ಟು ಬಂತು. ಅವನ ಹರಿದ ಅಂಗಿ ಮೇಲೆ ಸಿಟ್ಟು. ಥೂ, ಅಂಗಿಗೆ ಗುಂಡಿ ಹಾಕಿಸಿಕೊಳ್ಳಲಾರದವನು ಬಾವಿ ಹೆಂಗೆ ತೋಡಿಸ್ತಾನೆ ಅಂತ ಅಂದುಕೊಂಡೆ. ಅವನು ಗೇರಿಗೆ ಬಂದ ದಿನ ಅದೇ ಅಂಗಿ ನೋಡಿ ಕಣ್ಣಲ್ಲಿ ನೀರು ಬಂದಿತ್ತು ನನಗೆ. ನಡುವೆ ಆಗಿದ್ದೇನು? ಒಂದು ಚೀಟಿ. ಒಂದು ಮೊಳ.

ಮನೆಗೆ ನಡೆಯುವ ಹೊತ್ತಿಗೆ ಕೊಡೆಯವರಲ್ಲಿ ನಾಲ್ಕು ಒಳ್ಳೆಯ ಗುಣ ಕಂಡವು. ಸಂಜೆಗೆ ನಲವತ್ತು.

ಹನುಮಕ್ಕ ಏಣಿಗೇ ಹಾಕಿದ್ದಳು. ಓಟರ ಪಟ್ಟಿ ಬರೆಯುವವರು ಬಂದಾಗ ಗೇರಿಯ ಎಷ್ಟೋ ಹೆಂಗಸರು "ಇಂಥವರ ಹೆಂಡ್ರು" ಅಂತ ಹೇಳಿ ಪಟ್ಟಿಯಿಂದ ಬಿದ್ದುಹೋಗಿದ್ದರು. ಇವಳು ಮಾತ್ರ "ಹನುಮಕ್ಕ ಅಂತ ಬರ್ಕೊಳ್ಳಿ" ಅಂದಿದ್ದಳು. ಹಾಗೆ ಸಿಕ್ಕಿದ ಓಟನ್ನು ಅವಳು ಯಾರ ಕೆಮ್ಮಿಗೂ ಕೊಡಲಿಲ್ಲ.

"ನೀನೂ ಏಣಿಗೇ ಹಾಕ್ದೆ ತಾನೇ?" ಅಂತ ರಾತ್ರಿ ಊಟಕ್ಕೆ ಕೂತಾಗ ಕೇಳಿದಳು.

"ಅಮ್ಮಿ, ನೀನು ಹೆಂಗ್ಸು, ನಿಂಗೆ ರಾಜಕೀಯ ತಿಳಿಯಾಕಿಲ್ಲ. ಕೊಡೆ ದೊಡ್ಡ ಪಾರ್ಟಿ. ದೊಡ್ಡೋರ ಕೈಲಿ ಆಗೋದು ಚಿಕ್ಕೋರ ಕೈಲಿ ಆಗ್ತದಾ?"

ಅವಳು ನನ್ನ ಮುಖವನ್ನೇ ನೋಡಿದಳು. ತನ್ನ ತಣಿಗೆ ಎತ್ತಿಕೊಂಡು ಎದ್ದಳು.

ಅಂಜಿನಪ್ಪ ಡಿಪಾಜಿಟ್ ಕಳೆದುಕೊಂಡ. ಕೊಡೆ ಗೆದ್ದಿತು. ಗುಬ್ಬಿಯಲ್ಲಿ ಮೆರವಣಿಗೆ. ತಮಟೆ ನಂದು. ಆವತ್ತು ನಾನು ಬಡಿದ ಬಡಿತಕ್ಕೆ ತುಮಕೂರಿನ ಕೋರ್ಟಿನಲ್ಲಿ ಜಡ್ಜಿ ಬೆಚ್ಚಿ ತೀರ್ಪು ಬದಲಾಯಿಸಿದನಂತೆ. ಬಿಸಿಲಿಗೆ ಗೆದ್ದವನ ತಲೆ ಮೇಲೆ ಕೊಡೆ ಹಿಡಿಯುವ ಕೆಲಸವನ್ನೂ ಸ್ವಲ್ಪ ದೂರ ನನಗೇ ಕೊಟ್ಟರು. ನೆರಳು ಅವನಿಗೆ, ಬಿಸಿಲು ನನಗೆ. ನಾನು ಅದನ್ನು ಹತ್ತು ವರ್ಷ ಹೇಳಿಕೊಂಡು ತಿರುಗಿದೆ.

ಐವತ್ತೇಳರಲ್ಲಿ ಮತ್ತೆ ಎಲೆಕ್ಷನ್. ಮತ್ತೆ ಪೆಟ್ಟಿಗೆಗಳು. ಆ ಸಲ ಯಾರೂ ಕೆಮ್ಮಲಿಲ್ಲ. ನಾನು ಸೀದಾ ಹೋಗಿ ಕೊಡೆಗೆ ಹಾಕಿ ಎದೆ ಉಬ್ಬಿಸಿಕೊಂಡು ಬಂದೆ. ಮೊದಲ ಸಲದ್ದಕ್ಕೆ ಭಯ ಅನ್ನಬಹುದು. ಇದಕ್ಕೆ ಏನನ್ನಲಿ? ಭಯಕ್ಕೆ ಹಾಕಿದೆ ಅಂತ ಒಪ್ಪಿಕೊಂಡರೆ ನಾನು ಹೇಡಿ. ಇಷ್ಟಪಟ್ಟು ಹಾಕಿದೆ ಅಂದರೆ ನಾನು ಬುದ್ಧಿವಂತ. ಬುದ್ಧಿವಂತನಾಗಲು ದಿನಾ ಇಷ್ಟಪಡಬೇಕಾಯಿತು. ದಿನಾ ಇಷ್ಟಪಟ್ಟರೆ ಇಷ್ಟ ನಿಜವೇ ಆಗಿಬಿಡುತ್ತೆ, ಸ್ವಾಮಿ. ಅದು ನನ್ನ ರಕ್ತಕ್ಕೆ ಇಳಿಯಿತು. ಯಾರಾದರೂ ಕೊಡೆಯವರನ್ನು ಬೈದರೆ ನನ್ನ ಅಪ್ಪನನ್ನು ಬೈದಂತೆ ಉರಿಯುತ್ತಿತ್ತು. ಅಂಜಿನಪ್ಪ ಗೇರಿಗೆ ಬಂದರೆ ನಾನು ನಾಯಿ ಛೂ ಬಿಡುತ್ತಿದ್ದೆ. ಹನುಮಕ್ಕ ಅವನಿಗೆ ಮಜ್ಜಿಗೆ ಕೊಡುತ್ತಿದ್ದಳು. ಒಂದೇ ಗುಡಿಸಲಲ್ಲಿ ಎರಡು ಪಾರ್ಟಿ.

ಐವತ್ತೊಂಬತ್ತರಲ್ಲಿ ಗೇರಿಗೆ ಸರ್ಕಾರಿ ಬಾವಿ ಮಂಜೂರಾಯಿತು. ಏಣಿ ಕೇಳಿದ್ದನ್ನು ಕೊಡೆ ಕೊಟ್ಟಿತು! ನಾನು ಗೇರಿ ತುಂಬ ಕುಣಿದೆ. ಪಟೇಲ ಹೇಳಿದ: "ನಿಮ್ ಗೇರಿ ತಾವ ಬರೀ ಬಂಡೆ ಕಣ್ಲಾ. ನಮ್ ತೆಂಗಿನ ತೋಟದ ಮೂಲೇಲಿ ತೆಗೀರಿ. ಸೇದ್ಕೊಳ್ಳೋರು ನೀವೇ ತಾನೇ."

ನಮ್ಮ ಪಾರ್ಟಿಯವನ ಮಾತು. ನಾನು ನಂಬಿದೆ. ಎಲ್ಲರನ್ನೂ ನಂಬಿಸಿದೆ.

ಹನ್ನೊಂದು ಗಂಡಸರು ಅಗೆದೆವು. ಹೆಂಗಸರು ಮಣ್ಣು ಹೊತ್ತರು. ಹನ್ನೆರಡು ಅಡಿಗೆ ಕಲ್ಲು ಸಿಕ್ಕಿತು. ಅಂಗೈ ಒಡೆದು ಹಾರೆಗೆ ರಕ್ತ ಅಂಟುತ್ತಿತ್ತು, ಮಣ್ಣು ಉಜ್ಜಿಕೊಂಡು ಮತ್ತೆ ಹಿಡಿಯುತ್ತಿದ್ದೆವು. ಹನುಮಕ್ಕನ ನೆತ್ತಿಯ ಮೇಲೆ ಮಣ್ಣಿನ ಮಂಕರಿ ಕೂರುವ ಜಾಗದಲ್ಲಿ ಕೂದಲು ಉದುರಿ ಒಂದು ರೂಪಾಯಿ ಅಗಲ ಬೋಳಾಯಿತು. ಮೂರು ತಿಂಗಳು. ನೀರು ಬಂದ ದಿನ ಕೆಳಗಿದ್ದವರು ಬೊಗಸೆಯಲ್ಲಿ ಕುಡಿದರು. ಅದೇ ಕೊನೆ. ಮಾರನೇ ದಿನ ಬಾವಿಯ ಸುತ್ತ ಜಾಲಿಮುಳ್ಳಿನ ಬೇಲಿ.

"ತೆಂಗಿಗೆ ಮೊದ್ಲು. ಆಮೇಲೆ ನಿಮಗೆ. ಏನ್ ಅವಸರ?" ಅಂದ ಪಟೇಲ.

ಗೇರಿ ಗುಜುಗುಜು ಅಂತು. ನಾನು ಬೈದೆ. "ಸ್ವಲ್ಪ ತಡ್ಕೊಳ್ರೋ. ನಮ್ಮೋರು ಮಾಡ್ಕೊಡ್ತಾರೆ."

ತುಮಕೂರಿನಿಂದ ಓವರ್‌ಸಿಯರ್ ಸುಬ್ಬಕೃಷ್ಣ ಬಂದ. ಎಳೆಯ ಹುಡುಗ, ಬಿಳಿ ಪ್ಯಾಂಟು. ಮಳೆ ಬಂದು ತೋಟದ ದಾರಿ ಕೆಸರಾಗಿತ್ತು. ಪಟೇಲನ ಜಗಲಿಯಲ್ಲೇ ಕೂತು ಕಾಗದ ತೆಗೆದ. ಬಾವಿ ಗೇರಿಯವರ ಬಳಕೆಯಲ್ಲಿದೆ ಅಂತ ಗೇರಿಯವನೊಬ್ಬ ಒಪ್ಪಬೇಕು. ನನ್ನನ್ನು ಕರೆಸಿದರು.

"ಏನಪ್ಪಾ, ನೀರು ಹೇಗಿದೆ?" ಅಂದ.

ಹೇಳಿಬಿಡಬಹುದಿತ್ತು. ನನ್ನ ಬಾಯಿ ತೆರೆಯಿತು. "ಬುದ್ಧೀ, ಏನ್ ಕೇಳ್ತೀರ! ಎಳನೀರು! ಕುಡಿದ್ರೆ ಮೂರು ದಿನ ಹಸಿವಾಗಾಕಿಲ್ಲ. ನಮ್ ಮುದುಕೀರೆಲ್ಲಾ ಮತ್ತೆ ಹರೇದ ಹುಡ್ಗೀರಾಗವ್ರೆ!"

ಹುಡುಗ ಬಿದ್ದು ಬಿದ್ದು ನಕ್ಕ. ಪಟೇಲನೂ ನಕ್ಕ. ನಾನು ಹೆಬ್ಬೆಟ್ಟು ಒತ್ತಿದೆ. ತಿರುಗಿ ನೋಡಿದರೆ ಬೀದಿಯಲ್ಲಿ ಹನುಮಕ್ಕ ನಿಂತಿದ್ದಳು. ಕೆರೆಗುಂಡಿಯಿಂದ ಬರುತ್ತಿದ್ದವಳು. ತಲೆ ಮೇಲೆ ಮಡಕೆ, ಕೆಸರು ನೀರು. ಎಲ್ಲ ಕೇಳಿಸಿಕೊಂಡಿದ್ದಳು. ಗೇರಿಯ ಕಡೆ ನಡೆದಳು.

ಎರಡು ವರ್ಷ ಕಾದೆವು. ಅರವತ್ತೊಂದರ ಬೇಸಿಗೆಯಲ್ಲಿ ಕೆರೆಗುಂಡಿ ಬತ್ತಿತು. ಒಂದು ಮಧ್ಯಾಹ್ನ ಹನುಮಕ್ಕ ಮುಳ್ಳು ಸರಿಸಿ ತೋಟಕ್ಕೆ ಹೋದಳು. ತಾನು ಮಣ್ಣು ಹೊತ್ತ ಬಾವಿಗೆ ಹಗ್ಗ ಇಳಿಬಿಟ್ಟು ಒಂದು ಮಡಕೆ ನೀರು ಸೇದಿದಳು. ಆಳುಗಳು ನೋಡಿದರು. ಮಡಕೆ ಒಡೆದರು. ತೆಂಗಿನ ಗರಿಯ ದಿಂಡಿನಿಂದ ಬೆನ್ನಿಗೆ ಹೊಡೆದರು. ಎಷ್ಟು ಏಟು ಅಂತ ಅವಳು ಎಣಿಸಿದ್ದಳು. ಒಂಬತ್ತು.

ಪಟೇಲ ನನಗೆ ಹೇಳಿಕಳಿಸಿದ. "ಸಾರು. ಗೇರಿಯವರು ತೋಟಕ್ಕೆ ಕಾಲಿಟ್ರೆ ಕಟ್ಟಿಹಾಕ್ತೀವಿ ಅಂತ."

ನಾನು ಸಾರಿದೆ.

ಹೌದು, ಸಾರಿದೆ. ತಮಟೆ ಕಾಯಿಸಿದೆ, ಬಿಗಿ ಮಾಡಿದೆ, ನನ್ನ ಗೇರಿಯ ನಡುವೆ ನಿಂತು, ನನ್ನ ಗುಡಿಸಲ ಮುಂದೆ ನಿಂತು, ಬಡಿದು ಸಾರಿದೆ. ಒಳಗೆ ಅವಳು ಬೋರಲು ಮಲಗಿದ್ದಳು. ಬೆನ್ನಿಗೆ ಅರಿಶಿನ ಹಚ್ಚಿದ್ದರು. ಆವತ್ತಿನ ಸಾರುವಿಕೆಗೆ ನಾನು ಒಂದು ಮಾತನ್ನೂ ಸೇರಿಸಲಿಲ್ಲ. ಅದೇನು ದೊಡ್ಡಸ್ತಿಕೆಯಲ್ಲ.

ಒಳಗೆ ಹೋಗಿ, "ನೀನು ಮಾಡಿದ್ದೂ ತಪ್ಪೇ ಕಣೇ. ಎಲೆಕ್ಷನ್ ಹತ್ರ ಬಂತು. ನಮ್ಮೋರು ಮಾಡ್ಕೊಡ್ತಿದ್ರು" ಅಂದೆ.

ಅವಳು ತಲೆ ಎತ್ತಲಿಲ್ಲ. ಚಾಪೆಗೇ ಹೇಳುವ ಹಾಗೆ ಹೇಳಿದಳು.

"ಹತ್ತು ವರ್ಷದ ಕೆಳಗೆ ಹೆದರ್ಕೊಂಡು ಒಂದು ಚೀಟಿ ಹಾಕ್ದೆ. ಹೆದ್ರಿದ್ದಕ್ಕೆ ನಾನೇನೂ ಅಂತಿರ್ಲಿಲ್ಲ ಕಣಯ್ಯಾ. ಎಲ್ರೂ ಹೆದರ್ತಾರೆ. ಆ ಚೀಟಿ ಸರಿ ಅಂತ ತೋರ್ಸಕ್ಕೆ ಅದರ ಮೇಲೆ ಬಾವಿ ಹಾಕ್ದೆ. ಗೇರಿ ಹಾಕ್ದೆ. ಇವತ್ತು ನನ್ನ ಹಾಕ್ದೆ. ಇನ್ನೇನೈತೆ ಹಾಕಕ್ಕೆ?"

ನಾನು ತಮಟೆಯನ್ನು ಗೂಟಕ್ಕೆ ಸಿಕ್ಕಿಸಿ ಹೊರಗೆ ಹೋದೆ.

ಆದರೂ ಕೇಳಿ. ಆಮೇಲೂ ನಾನು ಎಂಟು ತಿಂಗಳು ಕೊಡೆಯವನೇ. ಅವಳ ಬೆನ್ನಿನ ಗಾಯ ಮಾಯುವುದನ್ನು ನೋಡುತ್ತಾ, ಇದು ಆಳುಗಳು ಮಾಡಿದ್ದು, ಪಾರ್ಟಿ ಏನು ಮಾಡುತ್ತೆ ಪಾಪ ಅಂತ ಹೇಳಿಕೊಳ್ಳುತ್ತಾ ಇದ್ದೆ. ಗಾಯ ಮಾಯಿತು. ನಾನು ಹೇಳಿಕೊಳ್ಳುವುದು ಮಾಯಲಿಲ್ಲ.

ಅರವತ್ತೆರಡರ ಎಲೆಕ್ಷನ್ನಿಗೆ ಮೂರು ವಾರ ಮೊದಲು ಊರಲ್ಲಿ ಸಭೆ. ಕೊಡೆಯ ಹೊಸ ಅಭ್ಯರ್ಥಿ ಕಾರಿನಲ್ಲಿ ಬಂದ. ಊರವರಿಗೆ ಜಮಖಾನ, ನಮ್ಮವರಿಗೆ ಹಿಂದೆ ನೆಲ. ಪಟೇಲ ನನ್ನನ್ನು ಅಟ್ಟಣೆಯ ಮೆಟ್ಟಿಲ ಹತ್ತಿರ ನಿಲ್ಲಿಸಿದ. ಮೇಲಕ್ಕಲ್ಲ, ಮೆಟ್ಟಿಲ ಹತ್ತಿರ. "ಬಾವಿ ವಿಚಾರ ಹೇಳ್ಲಾ. ಆವತ್ತು ಓವರ್‌ಸಿಯರಿಗೆ ಹೇಳ್ದಲ್ಲ, ಹಂಗೆ. ಎಳನೀರು, ಹರೇದ ಹುಡ್ಗೀರು. ನಿನ್ನಂಗೆ ಹೇಳೋರು ಯಾರಿದಾರೆ?"

ಎಂಟು ತಿಂಗಳಲ್ಲಿ ಅವಳ ಮಾತು ಮಾಡದ್ದನ್ನು ಇವನ ಹೊಗಳಿಕೆ ಮಾಡಿತು. ನನ್ನ ಸುಳ್ಳನ್ನು ಇನ್ನೊಬ್ಬನ ಬಾಯಲ್ಲಿ ಕೇಳಿದೆ.

ಜನರ ಕಡೆ ತಿರುಗಿದೆ. ಜನ ಆಗಲೇ ನಗಲು ಬಾಯಿ ತೆರೆದಿದ್ದರು.

"ಬಾವಿ ಮೂವತ್ತೆರಡು ಅಡಿ" ಅಂದೆ. "ಹನ್ನೆರಡು ಅಡಿ ಮಣ್ಣು, ಇಪ್ಪತ್ತು ಅಡಿ ಕಲ್ಲು. ಹನ್ನೊಂದು ಜನ ಅಗೆದ್ವಿ. ಬಾವಿ ಪಟೇಲ್ರ ತೋಟದಲ್ಲೈತೆ. ಗೇರೀಗೆ ಒಂದು ಚೊಂಬು ನೀರು ಸಿಕ್ಕಿಲ್ಲ. ನಾನು ಸುಳ್ಳು ಹೇಳಿ ಹೆಬ್ಬೆಟ್ಟು ಒತ್ತಿದೀನಿ. ನನ್ನ ಹೆಂಡ್ರು ಸೇದಕ್ಕೋದ್ರೆ ಒಂಬತ್ತು ಏಟು ಹಾಕವ್ರೆ. ನಾನೇ ಅದಕ್ಕೆ ತಮಟೆ ಬಡ್ದಿದೀನಿ."

ಯಾರೂ ನಗಲಿಲ್ಲ.

"ಕುಡ್ದವ್ನೆ ನನ್ಮಗ, ಎಳೀರಿ" ಅಂದ ಪಟೇಲ.

"ಕುಡಿಯಕ್ಕೆ ನೀರೇ ಇಲ್ವಲ್ಲ ಬುದ್ಧೀ" ಅಂದೆ. ಇನ್ನೂ ಬುದ್ಧೀ ಅಂತಲೇ ಬಂತು ಬಾಯಲ್ಲಿ, ನೋಡಿ.

ಮಾರನೇ ಬೆಳಗ್ಗೆ ಹನುಮಕ್ಕ ಮಡಕೆ ಎತ್ತಿಕೊಂಡು ಹೊರಟಳು. ಹಿಂದೆ ಹೆಂಗಸರು. ಹಿಂದೆ ಅಗೆದ ಗಂಡಸರು. ನಮ್ಮಲ್ಲಿ ಗಂಡಸರು ಮಡಕೆ ಹೊರುವುದಿಲ್ಲ. ನಾನು ಹೊತ್ತೆ. ಬೇಲಿಯ ಹತ್ತಿರ ದೊಣ್ಣೆಗಳು ಕಾದಿದ್ದವು. ಐನೂರು ಜನ ಅಂತ ಹೇಳುವ ಆಸೆ ನನಗೆ. ಏಳು ಜನ. ಮೊದಲ ಏಟಿಗೆ ನನ್ನ ಬಲ ಮುಂಗೈ ಮುರಿಯಿತು. ನಾವು ಹಿಂದೆ ಸರಿಯಲಿಲ್ಲ. ಹೆಂಗಸರು ಮುಳ್ಳನ್ನು ಬರಿಗೈಯಲ್ಲಿ ಕಿತ್ತರು. ಸೇದಿದರು. ಅಲ್ಲೇ ನಿಂತು ಕುಡಿದರು.

ಅಂಜಿನಪ್ಪ ನನ್ನನ್ನು ಗುಬ್ಬಿಗೆ ಕರೆದುಕೊಂಡು ಹೋದ. ನಾಯಿ ಛೂ ಬಿಟ್ಟ ಮಾತನ್ನು ಎತ್ತಲೇ ಇಲ್ಲ. ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತ ಕಾಗದ ತೆಗೆದು, "ಇದು ಯಾರ ಹೆಬ್ಬೆಟ್ಟು?" ಅಂದ. "ನಂದೇ." "ಸುಳ್ಳು ಸಾಕ್ಷಿಗೆ ಜೈಲು ಗೊತ್ತಾ?" "ಗೊತ್ತು. ಬರ್ಕೊಳ್ಳಿ." ಬರೆದುಕೊಂಡರು. ಸುಬ್ಬಕೃಷ್ಣ ಮತ್ತೆ ಬಂದ. ಈ ಸಲ ತೋಟದವರೆಗೆ ನಡೆದ. ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ. ಬಾವಿ ಗೇರಿಯದೇ ಅಂತ ಕಾಗದ ಬಂತು.

ಕಾಗದ ಬಂದ ರಾತ್ರಿ ಯಾರೋ ಬಾವಿಗೆ ಎರಡು ಡಬ್ಬ ಸೀಮೆಎಣ್ಣೆ ಸುರಿದರು. ಯಾರೋ! ನಾವು ಮೂರು ಹಗಲು ಸೇದಿ ಸೇದಿ ಚೆಲ್ಲಿದೆವು. ಮೈಯೆಲ್ಲ ಸೀಮೆಎಣ್ಣೆ ನಾತ. ಮತ್ತೆ ಒರತೆ ಬಂತು, ವಾಸನೆ ಪೂರ್ತಿ ಹೋಗಲಿಲ್ಲ. ಆದರೂ ಅದನ್ನೇ ಕುಡಿದೆವು. ನಮ್ಮ ನೀರು.

ಓಟಿನ ದಿನ. ಈ ಸಲ ಪೆಟ್ಟಿಗೆ ಒಂದೇ. ಒಂದೇ ಕಾಗದದಲ್ಲಿ ಎಲ್ಲ ಗುರುತು, ಬೇಕಾದ್ದರ ಮೇಲೆ ಮುದ್ರೆ ಒತ್ತಬೇಕು. ಬಲಗೈಗೆ ಬಿದಿರು ದಬ್ಬೆ ಕಟ್ಟಿದ್ದರು. ಎಡಗೈಯಲ್ಲಿ ಮುದ್ರೆ ಹಿಡಿದೆ. ಆ ಕೈ ಯಾವತ್ತೂ ಓಟು ಹಾಕಿದ ಕೈಯಲ್ಲ. ಆದರೂ ಮೊದಲು ಕೊಡೆಯ ಕಡೆಗೇ ಹೋಯಿತು.

ಎಳೆದು ತಂದು ಏಣಿಗೆ ಒತ್ತಿದೆ. ಒತ್ತುವಾಗ ಯಾರಿಗೋ ದ್ರೋಹ ಮಾಡಿದ ಹಾಗೆ ಎದೆ ಹೊಡೆದುಕೊಂಡಿತು. ಯಾರಿಗೆ? ನನ್ನ ಹೆಂಡತಿಯ ಬೆನ್ನು ಒಡೆದವರಿಗೆ. ಇದನ್ನೆಲ್ಲ ಈಗ ನಾನೇ ಬರೆಯುತ್ತಿದ್ದೇನೆ. ಬರೆಯಲು ಕಲಿಸಿದವನು ಅಂಜಿನಪ್ಪನೇ. ಅವನಿಗೂ ಇದನ್ನು ಹೇಳಿಲ್ಲ.

ಎಣಿಕೆಯ ದಿನ ನಾನು ಬಾವಿಕಟ್ಟೆಯ ಮೇಲೆ ಕೂತಿದ್ದೆ. ಹನುಮಕ್ಕ ಸೇದುತ್ತಿದ್ದಳು. ಊರ ಕಡೆಯಿಂದ ಪಟಾಕಿ ಕೇಳಿಸಿತು. ತಮಟೆ ಕೇಳಿಸಿತು. ಬೇರೆ ಊರಿನಿಂದ ಯಾರನ್ನೋ ಕರೆಸಿದ್ದರು. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಕೂಗಿ ಹೇಳಿದ: "ಕೊಡೆ ಗೆಲ್ತಂತೆ!"

ಹನುಮಕ್ಕ ಹಗ್ಗ ಎಳೆಯುವುದನ್ನು ನಿಲ್ಲಿಸಿದಳು. ಬಿಂದಿಗೆ ಬಾವಿಯ ನಡುವೆ ತೂಗುತ್ತಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು.

"ಯಾಕಯ್ಯಾ ನಗ್ತಾ ಇದೀಯ?" ಅಂದಳು.

ನಾನು ಕೈಯಿಂದ ಬಾಯಿ ಮುಟ್ಟಿ ನೋಡಿಕೊಂಡೆ. ನಗುತ್ತಿದ್ದೆ.